ಎಚ್‌ಐವಿಯ ಜೊತೆಗೆ ಕ್ಷಯ: ಹದಿನಾಲ್ಕನೆಯ ದಿನದ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ, ಅಂದರೆ ಎಚ್‌ಐವಿ ಔಷಧ ಕೊಡುವ ಕೇಂದ್ರಕ್ಕೆ, ನಾನು ವೈದ್ಯಾಧಿಕಾರಿಯಾಗಿ ಸೇರಿದ್ದು 2009ರಲ್ಲಿ. ದೇಶದಲ್ಲಿ ಎಚ್‌ಐವಿ ಔಷಧವನ್ನು ಉಚಿತವಾಗಿ ಕೊಡುವ ಯೋಜನೆ ಆರಂಭವಾಗಿ ಆಗ ಐದು ವರ್ಷ ಕಳೆದಿತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಸೋಂಕು ಹೆಚ್ಚಾಗಿದ್ದುದರಿಂದ ಹೊರರೋಗಿ ವಿಭಾಗದ ಬಾಗಿಲು ತೆರೆಯುವ ಮೊದಲೇ ಜನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕಬ್ಬು ಕಡಿಯುವವರು, ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿ ಬಂದವರು, ಮಗ್ಗದ ಮನೆಯವರು, ದೇವರಿಗೆ ಬಿಟ್ಟವರೆಂದು ಊರು ಕರೆಯುತ್ತಿದ್ದ ಹೆಣ್ಣುಮಕ್ಕಳು ಅವರಲ್ಲಿದ್ದರು. ನಾನು ಅಲ್ಲಿ ಕಳೆದುಕೊಂಡ ರೋಗಿಗಳಲ್ಲಿ ಹೆಚ್ಚಿನವರ ಸಾವಿಗೆ ನೇರ ಕಾರಣವಾದದ್ದು ಕ್ಷಯ. ಎಚ್‌ಐವಿ ಮತ್ತು ಕ್ಷಯ ಒಂದೇ ದೇಹದಲ್ಲಿ ಸೇರಿದಾಗ ಯಾವ ಚಿಕಿತ್ಸೆಯನ್ನು ಯಾವ ದಿನ ಆರಂಭಿಸಬೇಕು ಎಂಬ ಪ್ರಶ್ನೆಗೆ ಬಡ ದೇಶಗಳಲ್ಲಿ ನಡೆದ ಸಂಶೋಧನೆಗಳು ಸ್ಪಷ್ಟವಾದ ಉತ್ತರ ಕೊಟ್ಟಿವೆ. ಆ ಉತ್ತರವನ್ನು ನಮ್ಮ ಕೇಂದ್ರದಲ್ಲಿ ನಾವು ಹೇಗೆ ನಡೆಸಿಕೊಂಡು ಬಂದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ರೋಗಿಗಳ ಗುರುತು ಸಿಗದಂತೆ ಊರು, ಕಸುಬು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

2010ರ ಏಪ್ರಿಲ್ ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ತಾಯಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದಳು. ವಯಸ್ಸು ಮೂವತ್ತರ ಒಳಗೆ, ತೂಕ 33 ಕಿಲೋ, ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಕಣಗಳ ಎಣಿಕೆ ಬರೀ 31. ಕ್ಷಯದ ಗುಳಿಗೆ ಆರಂಭವಾಗಿ ನಾಲ್ಕು ದಿನವಾಗಿತ್ತು. ಎಚ್‌ಐವಿ ಗುಳಿಗೆಯನ್ನು ಎರಡು ತಿಂಗಳ ನಂತರ ಕೊಡೋಣವೆಂದು ನಾನು ಹೇಳಿ, ಜೂನ್ ಕೊನೆಯ ಒಂದು ತಾರೀಖನ್ನು ಚೀಟಿಯಲ್ಲಿ ಬರೆದುಕೊಟ್ಟೆ. ‘ಅಂದ್ರ ಕಾರಹುಣ್ಣಿವಿ ಕಳದ ಮ್ಯಾಲ ಬರ್ತೀವ್ರೀ ಸಾಹೇಬ್ರ’ ಎಂದು ಅವಳ ತಾಯಿ ಲೆಕ್ಕ ಹಾಕಿಕೊಂಡರು. ಜೂನ್ ಮೊದಲ ವಾರದಲ್ಲಿ ತಾಯಿಯೊಬ್ಬರೇ ಬಂದರು. ಮಗಳು ತೀರಿಕೊಂಡು ಐದು ದಿನವಾಗಿತ್ತು. ಮರಣದ ಕಾಗದದ ಕೆಲಸಕ್ಕೆ ಆಸ್ಪತ್ರೆಗೆ ಬಂದಿದ್ದ ಆ ತಾಯಿ ನಾನು ಬರೆದ ಚೀಟಿಯನ್ನೂ ಮಡಚಿ ತಂದಿದ್ದರು, ಏಕೆಂದರೆ ಅದರಲ್ಲಿದ್ದ ದಿನ ಇನ್ನೂ ಬಂದಿರಲಿಲ್ಲ, ಅದನ್ನು ಹಿಂದಿರುಗಿಸಬೇಕೆಂದು ಅವರು ತಿಳಿದಿದ್ದರು.

ನಾನು ಬೇಜವಾಬ್ದಾರಿಯಿಂದ ಆ ತಾರೀಖು ಬರೆದಿರಲಿಲ್ಲ. ಕ್ಷಯದ ಚಿಕಿತ್ಸೆ ಆರಂಭಿಸಿ ಎರಡು ವಾರದಿಂದ ಎರಡು ತಿಂಗಳ ಒಳಗೆ ಎಚ್‌ಐವಿ ಔಷಧ ಆರಂಭಿಸಬಹುದು ಎಂಬ ಅವಕಾಶ ಆಗಿನ ಮಾರ್ಗಸೂಚಿಯಲ್ಲಿತ್ತು, ನಮ್ಮಂಥವರ ಕೈಗೆ ಬರುವ ಹೊತ್ತಿಗೆ ಅದು ಎರಡು ತಿಂಗಳೇ ಆಗಿಬಿಟ್ಟಿತ್ತು. ಅದಕ್ಕೆ ಕಾರಣಗಳೂ ಇದ್ದವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ನೆವಿರಪಿನ್ ಎಂಬ ಎಚ್‌ಐವಿ ಔಷಧದ ಪ್ರಮಾಣವನ್ನು ರಕ್ತದಲ್ಲಿ ಕಡಿಮೆ ಮಾಡುತ್ತದೆ. ಎರಡೂ ಕಡೆಯ ಔಷಧಗಳು ಯಕೃತ್ತಿಗೆ ಭಾರ, ಎರಡರಿಂದಲೂ ಮೈಮೇಲೆ ದದ್ದು ಏಳಬಹುದು, ಹಾಗೆ ಎದ್ದಾಗ ಯಾವುದನ್ನು ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಆಗ ಬಳಕೆಯಲ್ಲಿದ್ದ ಎಚ್‌ಐವಿ ಔಷಧ ಸ್ಟಾವುಡಿನ್ ಮತ್ತು ಕ್ಷಯದ ಐಸೋನಿಯಾಜಿಡ್ ಎರಡೂ ನರಗಳಿಗೆ ತೊಂದರೆ ಕೊಡುವಂಥವು. ಅಂಗಾಲು ಕೆಂಡದ ಮೇಲೆ ಇಟ್ಟಂತಾಗುತ್ತದೆ ಎಂದು ಹೇಳಿ ಎಷ್ಟೋ ಜನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಇವೆಲ್ಲಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ಎಚ್‌ಐವಿ ಔಷಧದಿಂದ ರೋಗನಿರೋಧಕ ಶಕ್ತಿ ಒಮ್ಮೆಲೇ ಮರಳಿದಾಗ ಅದು ಒಳಗಿರುವ ಕ್ಷಯಾಣುಗಳ ಮೇಲೆ ಮುಗಿಬಿದ್ದು, ಗಡ್ಡೆ ಊದಿ, ಜ್ವರ ಏರಿ, ರೋಗ ಉಲ್ಬಣಿಸಿದಂತೆ ಕಾಣುತ್ತದೆ. ಇದನ್ನು ನಾವು ಐರಿಸ್ ಎಂದು ಕರೆಯುತ್ತೇವೆ. ಮೊದಲು ಕ್ಷಯದ ಹೊರೆ ಇಳಿಯಲಿ, ಆಮೇಲೆ ಉಳಿದದ್ದು ಎಂಬ ಎಚ್ಚರಿಕೆ ಹುಟ್ಟಿದ್ದು ಈ ಭಯಗಳಿಂದ.

ಈ ಎಚ್ಚರಿಕೆಯೇ ಜನರನ್ನು ಕೊಲ್ಲುತ್ತಿದೆಯೇ ಎಂಬುದನ್ನು ಅಳೆದು ನೋಡಿದವರು ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಸಂಶೋಧಕರು. 642 ರೋಗಿಗಳ ಮೇಲೆ ನಡೆದ ಸಾಪಿಟ್ ಎಂಬ ಅಧ್ಯಯನದಲ್ಲಿ ಕೆಲವರಿಗೆ ಕ್ಷಯದ ಚಿಕಿತ್ಸೆಯ ಅವಧಿಯೊಳಗೇ ಎಚ್‌ಐವಿ ಔಷಧ ಕೊಟ್ಟರು, ಉಳಿದವರಿಗೆ ಕ್ಷಯದ ಚಿಕಿತ್ಸೆ ಪೂರ್ತಿ ಮುಗಿದ ಮೇಲೆ ಕೊಟ್ಟರು. ಜೊತೆಜೊತೆಯಾಗಿ ಕೊಟ್ಟವರಲ್ಲಿ ಸಾವು ಶೇಕಡಾ 56ರಷ್ಟು ಕಡಿಮೆಯಾಯಿತು. 2010ರಲ್ಲಿ ಪ್ರಕಟವಾದ ಈ ಫಲಿತಾಂಶ ಕಾಯುವ ಪದ್ಧತಿಯ ಬೇರನ್ನೇ ಅಲುಗಿಸಿತು. ಎಷ್ಟು ಬೇಗ ಎಂಬುದನ್ನು ತೋರಿಸಿದ್ದು ಮಾತ್ರ ಕಾಂಬೋಡಿಯಾದ ಕಮೀಲಿಯಾ ಅಧ್ಯಯನ. ನನ್ನ ಕೆಲಸವನ್ನು ಬದಲಿಸಿದ್ದೂ ಅದೇ. ಅದರಲ್ಲಿದ್ದ 661 ಜನ ನಮ್ಮ ಕಟ್ಟೆಯ ಮೇಲೆ ಕೂತವರಂತೆಯೇ ಇದ್ದರು: ಮೈ ಇಳಿದವರು, ಸಿಡಿ4 ಎಣಿಕೆಯ ಮಧ್ಯಾಂಕ ಕೇವಲ 25. ಕ್ಷಯದ ಗುಳಿಗೆ ಆರಂಭಿಸಿದ ಎರಡು ವಾರಕ್ಕೆ ಎಚ್‌ಐವಿ ಔಷಧ ಪಡೆದ 332 ಜನರಲ್ಲಿ 59 ಮಂದಿ, ಎಂಟು ವಾರಕ್ಕೆ ಪಡೆದ 329 ಜನರಲ್ಲಿ 90 ಮಂದಿ ತೀರಿಕೊಂಡರು. ಐರಿಸ್ ಬೇಗ ಆರಂಭಿಸಿದವರಲ್ಲಿಯೇ ಹೆಚ್ಚು ಕಂಡಿತು, ಆದರೂ ಬದುಕಿದವರು ಅವರಲ್ಲಿಯೇ ಹೆಚ್ಚು. 2011ರಲ್ಲಿ ಈ ಪ್ರಬಂಧವನ್ನು ಓದಿದ ರಾತ್ರಿ ನಾನು ಆ ಜೂನ್ ತಿಂಗಳ ಚೀಟಿಯನ್ನು ನೆನೆದೆ. ಏಪ್ರಿಲ್ ಕೊನೆಗೆ ಎರಡು ವಾರ ಸೇರಿಸಿದರೆ ಮೇ ಎರಡನೆಯ ವಾರವಾಗುತ್ತಿತ್ತು.

ಎರಡು ವಾರ ಎಂದು ಬರೆಯುವುದು ಸುಲಭ, ಅದನ್ನು ನಡೆಸುವುದು ಬೇರೆ ಕೆಲಸ. ನಮ್ಮ ಆಸ್ಪತ್ರೆಯಲ್ಲಿ ಕ್ಷಯ ವಿಭಾಗ ಮುಂದಿನ ಗೇಟಿನ ಬಳಿ ಇತ್ತು, ಎಆರ್‌ಟಿ ಕೇಂದ್ರ ಹಿಂಬದಿಯ ಹಳೆಯ ಕಟ್ಟಡದಲ್ಲಿತ್ತು. ನಡುವಿನ ನೂರೈವತ್ತು ಹೆಜ್ಜೆಗಳಲ್ಲಿ ನಾವು ರೋಗಿಗಳನ್ನು ಕಳೆದುಕೊಳ್ಳುತ್ತಿದ್ದೆವು. ಅಲ್ಲಿಂದ ಚೀಟಿ ಕೊಟ್ಟು ಕಳಿಸಿದವರು ಇಲ್ಲಿಗೆ ತಲುಪಿದರೇ ಎಂದು ಕೇಳುವವರಿರಲಿಲ್ಲ. ತಲುಪಿದವರಿಗೂ ಮೊದಲ ಭೇಟಿಗೆ ರಕ್ತ ಪರೀಕ್ಷೆ, ಎರಡನೆಯ ಭೇಟಿಗೆ ಅದರ ವರದಿ, ಮೂರು ಮತ್ತು ನಾಲ್ಕನೆಯದಕ್ಕೆ ಆಪ್ತ ಸಮಾಲೋಚನೆ, ಆಮೇಲೆ ಗುಳಿಗೆ ಎಂಬ ಕ್ರಮವಿತ್ತು. ಒಂದೊಂದು ಭೇಟಿಗೂ ಒಂದು ದಿನದ ಕೂಲಿ ಮತ್ತು ಎರಡು ಜನರ ಬಸ್ ಚಾರ್ಜು ಹೋಗುತ್ತಿತ್ತು. ಈ ನಾಲ್ಕು ಭೇಟಿಗಳು ಮುಗಿಯುವ ಹೊತ್ತಿಗೆ ಐದಾರು ವಾರ ಕಳೆಯುತ್ತಿದ್ದುದು ಸಹಜವೇ ಆಗಿತ್ತು.

ನಮ್ಮ ಸ್ಟಾಫ್ ನರ್ಸ್ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ನಾಲ್ಕು ಅಂಕಣಗಳ ಗೆರೆ ಎಳೆದರು: ನೋಂದಣಿ ಸಂಖ್ಯೆ, ಕ್ಷಯದ ಮೊದಲ ಗುಳಿಗೆ ನುಂಗಿದ ತಾರೀಖು, ಹದಿನಾಲ್ಕನೆಯ ದಿನದ ತಾರೀಖು, ಎಚ್‌ಐವಿ ಗುಳಿಗೆ ಕೊಟ್ಟ ತಾರೀಖು. ಮೂರನೆಯ ಅಂಕಣವನ್ನು ಮೊದಲ ದಿನವೇ ತುಂಬಿಸಬೇಕು ಮತ್ತು ಅದೇ ತಾರೀಖನ್ನು ರೋಗಿಯ ಹಸಿರು ಪುಸ್ತಕದಲ್ಲಿಯೂ ನಮ್ಮಲ್ಲಿರುವ ಬಿಳಿ ಕಾರ್ಡಿನಲ್ಲಿಯೂ ಬರೆಯಬೇಕು ಎಂಬುದು ಒಪ್ಪಂದ. ಹಿಮೋಗ್ಲೋಬಿನ್, ಯಕೃತ್ತಿನ ಕಿಣ್ವ, ಕ್ರಿಯಾಟಿನಿನ್, ಸಿಡಿ4 ಎಲ್ಲಕ್ಕೂ ಮೊದಲ ದಿನವೇ ರಕ್ತ ತೆಗೆಯುವುದು, ಸಮಾಲೋಚನೆಯನ್ನೂ ಅಂದೇ ಆರಂಭಿಸುವುದು ಎಂದು ತೀರ್ಮಾನಿಸಿದೆವು. ಗುಳಿಗೆ ತಪ್ಪದೆ ನುಂಗುವ ಸಿದ್ಧತೆ ರೋಗಿಯಲ್ಲಿ ಕಂಡ ಮೇಲೆಯೇ ಕೊಡಬೇಕೆಂಬ ವಾದವನ್ನು ನಾನೂ ನಂಬಿದ್ದೆ, ಆದರೆ ಸಿಡಿ4 ಮೂವತ್ತು ಇರುವವರ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ ಎಂಬುದು ಈಗ ನನ್ನ ಖಚಿತವಾದ ಅಭಿಪ್ರಾಯ. ಕ್ಷಯ ವಿಭಾಗದ ಮೇಲ್ವಿಚಾರಕರು ರೋಗಿಯನ್ನು ಚೀಟಿ ಕೊಟ್ಟು ಕಳಿಸುವುದನ್ನು ಬಿಟ್ಟು ತಾವೇ ಜೊತೆಯಲ್ಲಿ ಕರೆತರಲು ಒಪ್ಪಿದರು. ಅವರು ಆ ನೂರೈವತ್ತು ಹೆಜ್ಜೆ ನಡೆದದ್ದರಿಂದ ಆದ ಉಪಕಾರ ನಾನು ಬರೆದ ಯಾವ ಔಷಧದ ಚೀಟಿಯಿಂದಲೂ ಆಗಿಲ್ಲ ಎಂದು ಮನಸಾರೆ ಹೇಳುತ್ತೇನೆ.

ದಿನ ಗೊತ್ತುಮಾಡುವುದರಲ್ಲಿಯೂ ಒಂದು ಪಾಠ ಕಲಿತೆವು. ಹದಿನಾಲ್ಕನೆಯ ದಿನಕ್ಕೆ ಹತ್ತಿರದ ಸಂತೆಯ ದಿನವನ್ನು ಬರೆದರೆ ಜನ ತಪ್ಪದೆ ಬರುತ್ತಿದ್ದರು. ಸಂತೆಯ ದಿನ ಪಟ್ಟಣಕ್ಕೆ ಹೋಗುವವರನ್ನು ಯಾಕೆ ಹೊರಟಿರಿ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ, ಟಂಟಂ ಗಾಡಿಗಳೂ ಅಂದು ಹೆಚ್ಚಿರುತ್ತವೆ, ತಿಂಗಳ ಗುಳಿಗೆಯ ಡಬ್ಬಿಗಳು ಕಾಯಿಪಲ್ಲೆಯ ಚೀಲದ ತಳದಲ್ಲಿ ಮನೆ ಸೇರುತ್ತವೆ. ಆ ದಿನ ನಮ್ಮಲ್ಲಿ ನೂಕುನುಗ್ಗಲು ಆಗುತ್ತಿದ್ದುದರಿಂದ ಕೆಮ್ಮುವವರನ್ನು ಹೊರಗಿನ ಬೇವಿನ ಮರದ ಕೆಳಗೆ ಬೆಂಚು ಹಾಕಿ ಕೂರಿಸಿ, ಸರದಿ ನೋಡದೆ ಮೊದಲು ಕರೆಯುತ್ತಿದ್ದೆವು. ಗಾಳಿಯಿಂದ ಹರಡುವ ರೋಗಕ್ಕೆ ಕಾರಿಡಾರಿನಲ್ಲಿ ಒತ್ತಾಗಿ ಕೂರಿಸುವುದಕ್ಕಿಂತ ಕೆಟ್ಟ ವ್ಯವಸ್ಥೆ ಇನ್ನೊಂದಿಲ್ಲ. ಸಿಡಿ4 ಕುಸಿದ ಹತ್ತಾರು ಜನ ಅದೇ ಗಾಳಿ ಕುಡಿಯುತ್ತಿರುವಾಗ ಅದು ಇನ್ನೂ ಕೆಟ್ಟದ್ದು.

ಔಷಧದ ಆಯ್ಕೆಯ ವಿಷಯದಲ್ಲಿ ನಮಗೆ ನೆರವಾದದ್ದು ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ಕೆಲಸ. ರಿಫಾಂಪಿಸಿನ್ ನುಂಗುತ್ತಿರುವವರಲ್ಲಿ ದಿನಕ್ಕೊಮ್ಮೆ ಕೊಡುವ ನೆವಿರಪಿನ್‌ಗಿಂತ ಎಫಾವಿರೆಂಜ್ ಎಂಬ ಇನ್ನೊಂದು ಎಚ್‌ಐವಿ ಔಷಧ ಮೇಲೆಂದು ಅವರು 2011ರಲ್ಲಿ ಪ್ರಕಟಿಸಿದರು. ಎಫಾವಿರೆಂಜ್ ನುಂಗಿದವರಿಗೆ ಮೊದಲ ಎರಡು ವಾರ ತಲೆ ಸುತ್ತುತ್ತದೆ, ವಿಚಿತ್ರ ಕನಸು ಬೀಳುತ್ತವೆ. ರಾತ್ರಿ ಮಲಗುವಾಗ ನುಂಗಿ ಎಂದಷ್ಟೇ ಹೇಳಿದರೆ ಸಾಲದು, ಕನಸಿನ ವಿಷಯವನ್ನೂ ಮೊದಲೇ ಹೇಳಬೇಕು. ಹೇಳದಿದ್ದಾಗ ಒಬ್ಬರು ದೆವ್ವ ಬಡಿದಿದೆಯೆಂದು ಗುಳಿಗೆ ಬಿಟ್ಟು ತಾಯತ ಕಟ್ಟಿಸಿಕೊಂಡಿದ್ದರು.

ಐರಿಸ್ ವಿಷಯವನ್ನೂ ಮೊದಲೇ ಹೇಳಿಡುವುದು ಎಷ್ಟು ಮುಖ್ಯವೆಂದು ತಿಳಿದದ್ದು ಗೋವಾದಿಂದ ಮರಳಿದ್ದ ಒಬ್ಬ ಗೌಂಡಿಯಿಂದ. ಹದಿನೈದನೆಯ ದಿನಕ್ಕೆ ಅವನಿಗೆ ಎಚ್‌ಐವಿ ಗುಳಿಗೆ ಆರಂಭವಾಯಿತು. ಜ್ವರ ಬಿಟ್ಟಿತ್ತು, ರೊಟ್ಟಿ ಸೇರುತ್ತಿತ್ತು, ತೂಕ ಎರಡು ಕಿಲೋ ಏರಿತ್ತು. ಮೂರನೆಯ ವಾರ ಕುತ್ತಿಗೆಯ ಬಲಗಡೆ ಲಿಂಬಿಹಣ್ಣಿನಷ್ಟು ಗಡ್ಡೆ ಎದ್ದು, ಅದರ ಮೇಲಿನ ಚರ್ಮ ಕೆಂಪಾಗಿ ಹೊಳೆಯತೊಡಗಿತು, ಸಂಜೆಗೆ ಜ್ವರ 102 ಮುಟ್ಟಿತು. ಮನೆಯವರು ಗುಳಿಗೆ ಉಷ್ಣ ಮಾಡಿದೆ, ನಿಲ್ಲಿಸು ಎಂದರು. ಅವನು ಹಸಿರು ಪುಸ್ತಕ ಹಿಡಿದು ಬಂದು, ಕೊನೆಯ ಪುಟದಲ್ಲಿ ನಮ್ಮ ಆಪ್ತ ಸಮಾಲೋಚಕಿ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು, ‘ಅಕ್ಕಾರು ಹೇಳಿದ್ದು ಇದ ಹೌದಲ್ರೀ?’ ಎಂದು ಕೇಳಿದ. ಗುಳಿಗೆ ಆರಂಭಿಸಿದ ಒಂದು ತಿಂಗಳೊಳಗೆ ಗಂಟು ಊದಬಹುದು, ಜ್ವರ ಬರಬಹುದು, ಮೈಯ ಶಕ್ತಿ ಮರಳುತ್ತಿರುವ ಗುರುತು ಅದು, ಗುಳಿಗೆ ಬಿಡದೆ ಕೂಡಲೇ ನಮ್ಮಲ್ಲಿಗೆ ಬನ್ನಿ ಎಂದು ಅಲ್ಲಿ ಬರೆದಿತ್ತು. ದಪ್ಪ ಸೂಜಿಯಿಂದ ಗಡ್ಡೆಯ ಕೀವು ತೆಗೆದು, ಅದರಲ್ಲಿ ಔಷಧಕ್ಕೆ ಬಗ್ಗದ ಕ್ಷಯ ಇಲ್ಲವೆಂದು ಪರೀಕ್ಷಿಸಿಕೊಂಡು, ಊತ ಇಳಿಸುವ ಸ್ಟೀರಾಯ್ಡ್ ಔಷಧ ಪ್ರೆಡ್ನಿಸೋಲೋನ್ ಕೊಟ್ಟೆ. ಎರಡೂ ಕಡೆಯ ಗುಳಿಗೆಗಳನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಐರಿಸ್ ಬರುವ ಮೊದಲೇ ಇಂಥ ಔಷಧ ಕೊಟ್ಟರೆ ಹೇಗೆ ಎಂಬುದನ್ನು ಕೇಪ್‌ಟೌನಿನ ಸಂಶೋಧಕರು 240 ರೋಗಿಗಳಲ್ಲಿ ನೋಡಿ 2018ರಲ್ಲಿ ಪ್ರಕಟಿಸಿದರು. ಅದೇ ಬಗೆಯ ಪ್ರೆಡ್ನಿಸೋನ್ ಅನ್ನು ಎರಡು ವಾರ 40 ಮಿಲಿಗ್ರಾಂ, ಇನ್ನೆರಡು ವಾರ 20 ಮಿಲಿಗ್ರಾಂನಂತೆ ಕೊಟ್ಟಾಗ ಐರಿಸ್ ಶೇಕಡಾ 47ರಿಂದ 33ಕ್ಕೆ ಇಳಿಯಿತು. ಸಿಡಿ4 ನೂರಕ್ಕಿಂತ ಕಡಿಮೆಯಿದ್ದು ಕ್ಷಯ ಖಚಿತವಾಗಿರುವ ಕೆಲವರಿಗೆ ನಾನು ಅದನ್ನು ಅನುಸರಿಸಿದ್ದೇನೆ. ರಿಫಾಂಪಿಸಿನ್‌ಗೆ ಬಗ್ಗದ ಕ್ಷಯದ ಅನುಮಾನವಿದ್ದಾಗ ಅನುಸರಿಸಿಲ್ಲ.

ಈಗ ನನ್ನ ತಪ್ಪನ್ನು ಬರೆಯಬೇಕು. ನೋಟ್‌ಬುಕ್ ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲಿ, ಹದಿನಾಲ್ಕನೆಯ ದಿನವನ್ನು ತಪ್ಪಿಸಬಾರದೆಂಬ ಉತ್ಸಾಹದಲ್ಲಿ, ತಲೆನೋವೆಂದು ಎರಡು ಸಲ ಹೇಳಿದ್ದ ಒಬ್ಬ ಯುವಕನಿಗೆ ನಾನು ಎಚ್‌ಐವಿ ಗುಳಿಗೆ ಆರಂಭಿಸಿಬಿಟ್ಟೆ. ಅವನಿಗೆ ಕ್ಷಯ ಮಿದುಳಿನ ಪೊರೆಗೆ ಹರಡಿತ್ತು. ಹತ್ತು ದಿನಕ್ಕೆ ಮಾತು ತೊದಲಿತು, ಕಣ್ಣುಗುಡ್ಡೆ ಒಂದು ಕಡೆ ಸರಿದು ನಿಂತಿತು. ದೊಡ್ಡ ಆಸ್ಪತ್ರೆಗೆ ಕಳಿಸಿದೆವು, ಅವನು ಉಳಿಯಲಿಲ್ಲ. ವಿಯೆಟ್ನಾಮಿನಲ್ಲಿ 253 ರೋಗಿಗಳ ಮೇಲೆ ನಡೆದು 2011ರಲ್ಲಿಯೇ ಪ್ರಕಟವಾಗಿದ್ದ ಅಧ್ಯಯನದಲ್ಲಿ, ಮಿದುಳಿನ ಪೊರೆಯ ಕ್ಷಯದಲ್ಲಿ ಕೂಡಲೇ ಎಚ್‌ಐವಿ ಔಷಧ ಆರಂಭಿಸುವುದರಿಂದ ಜೀವ ಉಳಿಯುವುದು ಹೆಚ್ಚುವುದಿಲ್ಲ, ತೀವ್ರ ತೊಂದರೆಗಳು ಹೆಚ್ಚುತ್ತವೆ ಎಂದು ಇತ್ತು. ನಾನು ಅದನ್ನು ಓದಿದ್ದೆ. ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ, ಕುತ್ತಿಗೆಯ ಗಡ್ಡೆಯಂತೆ ಅದನ್ನು ಸೂಜಿಯಿಂದ ತೆಗೆಯಲಾಗದು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಐದನೆಯ ಅಂಕಣ ಬಂತು. ತಲೆನೋವು, ವಾಂತಿ, ಎರಡೆರಡು ಕಾಣುವುದು, ಕುತ್ತಿಗೆ ಬಿಗಿತ, ನಡತೆಯಲ್ಲಿ ಬದಲಾವಣೆ ಇವುಗಳನ್ನು ಗುಳಿಗೆ ಕೊಡುವ ದಿನವೂ ಮತ್ತೊಮ್ಮೆ ಕೇಳಿ ಅಲ್ಲಿ ಸಹಿ ಹಾಕಬೇಕು. ಒಂದು ಇದ್ದರೂ ಬೆನ್ನುಹುರಿಯ ನೀರಿನ ಪರೀಕ್ಷೆ ಆಗುವವರೆಗೆ ಎಚ್‌ಐವಿ ಗುಳಿಗೆ ಇಲ್ಲ, ಕ್ಷಯ ಮಿದುಳಿಗೆ ಹರಡಿದ್ದು ಖಚಿತವಾದರೆ ನಾಲ್ಕರಿಂದ ಎಂಟು ವಾರ ಕಾಯುತ್ತೇವೆ. ಮನೆಯವರನ್ನೂ ಕೇಳಬೇಕು, ಏಕೆಂದರೆ ನಡತೆ ಬದಲಾದದ್ದು ರೋಗಿಗೆ ತಿಳಿಯುವುದಿಲ್ಲ. ಆ ಯುವಕನ ಅಣ್ಣ ನನಗೆ ಆಮೇಲೆ ಹೇಳಿದ ಮಾತೆಂದರೆ, ತಮ್ಮ ಒಂದು ವಾರದಿಂದ ಮನೆಯ ಎತ್ತುಗಳ ಹೆಸರು ಮರೆತಿದ್ದ ಎಂಬುದು.

ಕ್ಷಯ ಇದೆಯೆಂದು ಗೊತ್ತಾದರೆ ತಾನೇ ಹದಿನಾಲ್ಕನೆಯ ದಿನದ ಲೆಕ್ಕ. ಎಚ್‌ಐವಿ ಮುಂದುವರಿದವರಲ್ಲಿ ಅದೇ ಕಷ್ಟ. ಶ್ವಾಸಕೋಶದಲ್ಲಿ ಗುಳಿ ಬೀಳುವುದು ದೇಹ ಕ್ಷಯದೊಡನೆ ಹೋರಾಡುವುದರಿಂದ, ಹೋರಾಡುವ ಶಕ್ತಿಯೇ ಇಲ್ಲದವರಲ್ಲಿ ಗುಳಿ ಬೀಳದು, ಕಫದಲ್ಲಿ ರೋಗಾಣು ಹೆಚ್ಚಾಗಿ ಬಾರದು, ಎಕ್ಸ್‌ರೇ ಶುಭ್ರವಾಗಿ ಕಂಡೀತು. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣು ಬೇಕು. ಆದುದರಿಂದ ಕಫ ನೆಗೆಟಿವ್ ಎಂಬ ಚೀಟಿ ಹಿಡಿದು ನಮ್ಮಲ್ಲಿಗೆ ಬಂದು ಕ್ಷಯದಿಂದಲೇ ತೀರಿಕೊಂಡವರು ಎಷ್ಟೋ ಮಂದಿ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರಿನಲ್ಲಿ ಅನುಮೋದಿಸಿದ ಸಿಬಿನ್ಯಾಟ್ ಯಂತ್ರ ನಮ್ಮ ಕಡೆಗೆ ಬಂದ ಮೇಲೆ ಇದು ಬದಲಾಯಿತು. ಎರಡು ಗಂಟೆಯೊಳಗೆ ಕ್ಷಯವನ್ನೂ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಅದು ಹೇಳುತ್ತದೆ. ಆದರೂ ಯಂತ್ರಕ್ಕಿಂತ ಮೊದಲು ಬೇಕಾದದ್ದು ನಾಲ್ಕು ಪ್ರಶ್ನೆಗಳು: ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರೋ. ಪ್ರತಿ ಭೇಟಿಯಲ್ಲಿ ಪ್ರತಿಯೊಬ್ಬರಿಗೂ ಇವನ್ನು ಕೇಳಬೇಕು. ತೂಕವನ್ನು ಮಾತ್ರ ನಾವು ಬಾಯಿಮಾತಿಗೆ ಬಿಡುವುದಿಲ್ಲ, ತಕ್ಕಡಿಯ ಮೇಲೆ ನಿಲ್ಲಿಸಿ ಹಿಂದಿನ ತಿಂಗಳಿನದರೊಂದಿಗೆ ಹೋಲಿಸುತ್ತೇವೆ.

ವಾರಕ್ಕೆ ಮೂರು ದಿನ ಕ್ಷಯದ ಔಷಧ ನುಂಗುವ ಪದ್ಧತಿ ಬಹುಕಾಲ ನಡೆಯಿತು. ಅದರ ಬಗ್ಗೆ ನನಗೆ ಈಗಲೂ ದುಃಖವಿದೆ. ಎಚ್‌ಐವಿ ಇರುವ 331 ಕ್ಷಯ ರೋಗಿಗಳಲ್ಲಿ ಚೆನ್ನೈನ ಅದೇ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ದಿನನಿತ್ಯ ನುಂಗಿದವರಲ್ಲಿ ಶೇಕಡಾ 91 ಮಂದಿಗೆ ಗುಣವಾದರೆ ವಾರಕ್ಕೆ ಮೂರು ದಿನ ನುಂಗಿದವರಲ್ಲಿ ಶೇಕಡಾ 77 ಮಂದಿಗೆ ಗುಣವಾಯಿತು, ರಿಫಾಂಪಿಸಿನ್‌ಗೆ ಬಗ್ಗದ ರೋಗಾಣು ಹುಟ್ಟಿದ್ದೂ ಮೂರು ದಿನದವರಲ್ಲಿ. ದಿನನಿತ್ಯದ ಗುಳಿಗೆ ಎಆರ್‌ಟಿ ಕೇಂದ್ರದ ಕಿಟಕಿಯಲ್ಲಿಯೇ ಸಿಗಲಾರಂಭಿಸಿದ ಮೇಲೆ ನಮ್ಮ ಎರಡು ಕಟ್ಟಡಗಳ ತೊಂದರೆ ಅರ್ಧದಷ್ಟು ತೀರಿತು. 2018ರ ಏಪ್ರಿಲಿನಿಂದ ಕ್ಷಯ ರೋಗಿಗಳ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಖಾತೆಗೆ ಬರತೊಡಗಿತು, 2024ರ ನವೆಂಬರಿನಿಂದ ಅದು 1000 ಆಯಿತು. ಹಸಿದ ಹೊಟ್ಟೆಯಲ್ಲಿ ಏಳೆಂಟು ಗುಳಿಗೆ ನುಂಗಿ ವಾಂತಿ ಮಾಡಿಕೊಳ್ಳುವವರನ್ನು ನೋಡಿದ ನನಗೆ ಆ ಹಣ ಔಷಧದ ಒಂದು ಭಾಗವೆಂದೇ ಅನಿಸುತ್ತದೆ.

ಈಗ ನಮ್ಮಲ್ಲಿ ಬಹುತೇಕರು ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ಇರುವ ಒಂದೇ ಗುಳಿಗೆ ನುಂಗುತ್ತಾರೆ. ಎಫಾವಿರೆಂಜಿನ ಕನಸುಗಳ ಕಾಟ ತಪ್ಪಿದೆ. ಆದರೆ ರಿಫಾಂಪಿಸಿನ್ ಇದನ್ನೂ ಬಿಟ್ಟಿಲ್ಲ. ಕ್ಷಯದ ಚಿಕಿತ್ಸೆ ನಡೆಯುವಾಗ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ಹನ್ನೆರಡು ಗಂಟೆಯ ಅಂತರದಲ್ಲಿ ದಿನಕ್ಕೆ ಎರಡು ಸಲ ಕೊಡಬೇಕು. ವರ್ಷಗಳಿಂದ ದಿನಕ್ಕೊಂದೇ ಗುಳಿಗೆ ಎಂದು ನಾವೇ ರೂಢಿ ಮಾಡಿಸಿದವರಿಗೆ ಈ ಇನ್ನೊಂದು ಗುಳಿಗೆಯೇ ಹೆಚ್ಚು ತಪ್ಪಿಹೋಗುವುದು. ಹೋದ ವರ್ಷ ಒಬ್ಬ ತಾಯಿ ತನಗೆ ಗಡಿಯಾರ ನೋಡಲು ಬರುವುದಿಲ್ಲವೆಂದಾಗ, ಮುಂಜಾನೆಯದನ್ನು ಹಾಲು ಹಿಂಡಿದ ಮೇಲೆ, ಸಂಜೆಯದನ್ನು ದೇವರ ಮುಂದೆ ದೀಪ ಹಚ್ಚಿದ ಮೇಲೆ ಎಂದು ನಮ್ಮ ಆಪ್ತ ಸಮಾಲೋಚಕಿ ಗೊತ್ತುಮಾಡಿಕೊಟ್ಟರು, ಸಂಜೆಯ ಡಬ್ಬಿಗೆ ಕುಂಕುಮದ ಬೊಟ್ಟನ್ನೂ ಇಟ್ಟುಕೊಟ್ಟರು. ಕ್ಷಯದ ಗುಳಿಗೆ ಮುಗಿದ ದಿನವೇ ಅವರು ಸಂಜೆಯ ಗುಳಿಗೆಯನ್ನು ಬಿಡಬಾರದು, ಏಕೆಂದರೆ ರಿಫಾಂಪಿಸಿನ್ ನಿಂತ ಮೇಲೆಯೂ ಯಕೃತ್ತಿನ ಕಿಣ್ವಗಳ ಚುರುಕು ಇಳಿಯಲು ಎರಡು ವಾರ ಬೇಕು. ಆ ದಿನವೂ ಮೊದಲೇ ಲೆಕ್ಕ ಹಾಕಿ ಬರೆಯಬೇಕಾದದ್ದೇ. ನೋಟ್‌ಬುಕ್ಕಿನ ಕೊನೆಯ ಅಂಚಿನಲ್ಲಿ ನಮ್ಮ ಸ್ಟಾಫ್ ನರ್ಸ್ ಈಗ ಆರನೆಯ ಅಂಕಣದ ಗೆರೆ ಎಳೆದಿದ್ದಾರೆ.